ದೊಡ್ಡಪ್ಪನ ಕೃಷಿ

ಅಂಗಳಕ್ಕೆ ಇಳಿಯುವಾಗ ದೊಡ್ಡಪ್ಪ ಬಿಳಿ ಪಂಚೆಯನ್ನು ಎರಡೇ ಬೆರಳಲ್ಲಿ ಮೊಣಕಾಲಿನ ತನಕ ಎತ್ತಿ ಹಿಡಿಯುತ್ತಿದ್ದರು, ಮಣ್ಣು ಹಾರಿ ಬಂದು ಕಚ್ಚೀತು ಎಂಬಂತೆ. ಕುಂಭಾಶಿಯಿಂದ ವಂಡ್ಸೆಯವರೆಗೆ ಎಲ್ಲಿ ಸಭೆಯಾದರೂ 'ಮನೆಗೊಂದು ಕೈತೋಟ' ಎಂದು ಭಾಷಣ ಮಾಡುತ್ತಿದ್ದವರು ಇವರೇ. ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬರುತ್ತಿದ್ದರು.

ತರಕಾರಿ ಬೆಳೆಯುತ್ತಿದ್ದವಳು ನನ್ನ ಅಮ್ಮ. ನಮ್ಮದು ಮರಳು ಮಣ್ಣು; ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಅದಕ್ಕೆ ಅವಳು ಹಲಸು, ಗೇರು ಮರದ ಒಣ ಎಲೆಗಳನ್ನು ಗುಡಿಸಿ ತಂದು ಬಸಳೆ, ಬೆಂಡೆ, ಅಲಸಂದೆಯ ಬುಡಕ್ಕೆ ದಪ್ಪಗೆ ಹಾಸುತ್ತಿದ್ದಳು. ತೇವ ನಿಲ್ಲುತ್ತಿತ್ತು, ಕಳೆ ಏಳುತ್ತಿರಲಿಲ್ಲ, ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಯೇ ಕೊಳೆತು ಗೊಬ್ಬರವಾಗುತ್ತಿತ್ತು. ದೊಡ್ಡಪ್ಪನಿಗೆ ಅದು ಕಸ.

"ಎಂತ ಅವಸ್ಥಿ ಮಾರಾಯ್ತಿ ಇದ್? ಹಾವ್ ಬಂದ್ ಕೂಕಂತ್. ಗುಡ್ಸೂಕ್ ಆತಿಲ್ಯಾ?"

ಒಂದು ಏಪ್ರಿಲ್‌ನಲ್ಲಿ ಯಾರೋ ಅತಿಥಿಗಳು ಬರುತ್ತಾರೆಂದು, ಅಮ್ಮ ಪೇಟೆಗೆ ಹೋಗಿದ್ದಾಗ, ದೊಡ್ಡಪ್ಪ ಆಳು ಕರೆಸಿ ಎಲೆಯನ್ನೆಲ್ಲ ಎಳೆಸಿ ಸುಡಿಸಿದರು. ನಾಲ್ಕೇ ದಿನದಲ್ಲಿ ಅಲಸಂದೆ ಒಣಗಿತು, ಬೆಂಡೆ ಬಗ್ಗಿತು. ಬಾವಿಯಲ್ಲಿ ಕುಡಿಯುವಷ್ಟೇ ನೀರು. ಅಮ್ಮ ಜಗಳವಾಡಲಿಲ್ಲ. ಅಕ್ಕಪಕ್ಕದ ಮನೆಯವರು ಗುಡಿಸಿ ಹಾಕಿದ ಎಲೆಯನ್ನು ಗೋಣಿಯಲ್ಲಿ ಹೊತ್ತು ತಂದು, ಉಳಿದ ಬಸಳೆಗೆ ಹಾಸಿದಳು. ಬಸಳೆ ಚಿಗುರಿತು.

ಮುಂದಿನ ತಿಂಗಳು ಯಾವುದೋ ಸಂಘದವರು ಕೈತೋಟ ನೋಡಲು ಬಂದರು. ದೊಡ್ಡಪ್ಪ ಬಸಳೆ ಚಪ್ಪರದ ಬದಿಯಲ್ಲಿ ನಿಂತು, "ಈ ಎಲಿ ಎಲ್ಲ ನಾನೇ ಹೇಳಿ ಹಾಕ್ಸದ್ದ್" ಎಂದರು. ಚಹಾ ತಂದಿದ್ದ ಅಮ್ಮ ತಟ್ಟೆ ಕೆಳಗಿಟ್ಟಳು.

"ಹೌದಾ ಬಾವಯ್ಯ? ಹಂಗಾರೆ ಎಲಿ ಅಡಿಗೆ ಕೈ ಹಾಕಿ, ಮಣ್ಣ್ ಹ್ಯಾಂಗಿತ್ತ್ ಅಂತ ಇವ್ರಿಗೆ ತೋರ್ಸಿ."

ದೊಡ್ಡಪ್ಪ ಎಲೆರಾಶಿಯನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು.

"ನಾ ಈಗಷ್ಟೆ ಕೈ ತೊಳ್ಕಂಡ್ ಬಂದದ್ದ್."

ಅಮ್ಮ ಬಗ್ಗಿ, ಎಲೆ ಸರಿಸಿ, ಒಂದು ಹಿಡಿ ಕಪ್ಪು ಮಣ್ಣು ಎತ್ತಿ ಹಿಂಡಿದಳು. ಆ ಸುಡು ಬಿಸಿಲಲ್ಲೂ ಅದು ಉಂಡೆಯಾಗಿ ನಿಂತಿತು. ಬಂದವರು ಆಮೇಲೆ ಅವಳನ್ನೇ ಪ್ರಶ್ನೆ ಕೇಳಿದರು. ಫೋಟೊಗೆ ಮಾತ್ರ ದೊಡ್ಡಪ್ಪ ನಡುವೆ ಬಂದು ನಿಂತರು.

ಹೋದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು 'ಮಣ್ಣಿನ ಮಗ' ಎಂದು ಹೊಗಳಿದರು. ಮನೆಯವರ ಪರವಾಗಿ ನಾನೂ ಎರಡು ಮಾತಾಡಬೇಕೆಂದು ಮೈಕ್ ಕೊಟ್ಟರು.

"ದೊಡ್ಡಪ್ಪ ನಮ್ಮ ತೋಟದ ತರಕಾರಿಯನ್ನು ತುಂಬಾ ಇಷ್ಟಪಟ್ಟು ತಿನ್ನುತ್ತಿದ್ದರು" ಎಂದೆ. ಇನ್ನೂ ಏನಾದರೂ ಹೇಳುತ್ತೇನೆಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮೈಕ್ ವಾಪಸು ಕೊಟ್ಟು ಕುಳಿತುಕೊಂಡೆ.