ಹಸು, ಎರಡು ಕೋಳಿ ಮತ್ತು ನನ್ನ ತಲೆಯ ಹೇನು

ಅಜ್ಜಿ ನನ್ನ ತಲೆಗೆ ಹಸುವಿನ ಉಣ್ಣೆ ಹುಳಕ್ಕೆ ಹಾಕೋ ಔಷಧಿ ಹಚ್ಚಿದ್ದು ಬರೀ ಪ್ರೀತಿಯಿಂದ. ನಂಬಿ.

ಎಂಬತ್ತರ ದಶಕದ ಶುರು. ಸಿ.ಎಸ್. ಪುರದ ಹತ್ತಿರ ನಮ್ಮೂರು, ನಾನಿನ್ನೂ ಮೂರನೇ ಕ್ಲಾಸು. ತಲೆ ತುಂಬಾ ಹೇನು. ಬೋಳಿಸೋಣ ಅಂದ್ರೆ, ಯಡಿಯೂರಲ್ಲಿ ಸಿದ್ಧಲಿಂಗಪ್ಪನಿಗೆ ಮುಡಿ ಕೊಡಿಸ್ತೀನಿ ಅಂತ ಅಜ್ಜಿಯ ಹರಕೆ. ಅಲ್ಲಿವರೆಗೂ ಕತ್ತರಿ ಸೋಕಿಸೋ ಹಾಗಿಲ್ಲ!

ಅವತ್ತು ಬೆಳಿಗ್ಗೆ ಅಜ್ಜಿ ಬೆಳೆಗೆ ಹೊಡೆಯೋ ಔಷಧಿನ ಬಕೆಟ್ ನೀರಿಗೆ ಬೆರೆಸಿ ಹಸುವಿನ ಮೈ ಒರೆಸಿದ್ರು. ಉಣ್ಣೆಗಳು ಪಟಪಟ ಉದುರಿದವು. ಹಸು ಆರಾಮಾಗಿ ಮೆಲುಕು ಹಾಕ್ತಾ ನಿಂತಿತ್ತು.

"ಹಸೂಗೇ ಏನೂ ಆಗ್ಲಿಲ್ಲ, ಈ ಕೂಸಿಗೇನಾಯ್ತದೆ ಬುಡು" ಅಂತ, ಬಾಟಲಿಯಲ್ಲಿ ಉಳಿದಿದ್ದನ್ನ ಹರಳೆಣ್ಣೆಗೆ ಬೆರೆಸಿ ನನ್ನ ತಲೆಗೆ ತಿಕ್ಕಿ ಟವೆಲ್ ಕಟ್ಟಿದ್ರು.

ಮಧ್ಯಾಹ್ನದ ಹೊತ್ತಿಗೆ... ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಕಾಲು ನಡುಗ್ತಿದೆ. ಉಸಿರು ಎಳೆಯೋಕಾಗ್ತಿಲ್ಲ. ಅಪ್ಪ, ಅಜ್ಜಿ ನನ್ನನ್ನ ಯಾರದೋ ಜೀಪಲ್ಲಿ ಹಾಕ್ಕೊಂಡು ತುಮಕೂರಿಗೆ ಓಡಿದ್ರು.

ಅಲ್ಲಿ ಬಟವಾಡಿಯ ಕ್ಲಿನಿಕ್ಕಲ್ಲಿ ಡಾಕ್ಟರ್ ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ್ರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತಂತೆ. ಮಗು ವಿಷ ಏನಾದ್ರೂ ಕುಡೀತಾ ಅಂದ್ರು. ಇಲ್ಲವೇ ಇಲ್ಲ ಅಂದ್ರು ನಮ್ಮವರು. ಅವರ ಪಾಲಿಗೆ ಅದು ಔಷಧಿ ತಾನೇ!

ಆಗ ಡಾಕ್ಟರ್ ಕೇಳಿದ್ದು ವಿಚಿತ್ರ ಪ್ರಶ್ನೆ. ಮನೇಲಿ ಇವತ್ತು ಯಾವುದಾದ್ರೂ ಪ್ರಾಣಿ ಸತ್ತಿದೆಯಾ?

ಅಜ್ಜಿ ಬೆಚ್ಚಿಬಿದ್ರು. "ಎರಡು ಕೋಳಿ ಸ್ವಾಮಿ... ಉದುರಿದ ಉಣ್ಣೆ ತಿಂದ್ವು. ಹಿಂಗೇ ಜೊಲ್ಲು ಸುರಿಸ್ಕೊಂಡು ಕತ್ತು ವಾಲಿಸ್ಬುಟ್ವು. ರೋಗ ಅಂದ್ಕೊಂಡೆ."

ಅಷ್ಟು ಸಾಕಾಯ್ತು. ಉಣ್ಣೆ ಉದುರಿದ್ದು ಹೇಗೆ ಅಂತ ಕೇಳಿದ್ರು, ಅದೇ ಔಷಧಿ ನನ್ನ ತಲೆಗೆ ಹಚ್ಚಿದ್ದೂ ಹೊರಬಿತ್ತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ನರ್ಸ್ ತಲೆ ಬೋಳಿಸಿ ಸೋಪು ಹಾಕಿ ತೊಳೆದ್ರು. ಅಜ್ಜಿ ಮೂಲೇಲಿ ಕೈ ಮುಗಿದು "ಸಿದ್ಧಲಿಂಗಪ್ಪ, ಮುಡಿ ಇಲ್ಲೇ ತಗೋ, ಕೂಸ್ನ ಕೊಡು" ಅಂತ ಅಳ್ತಿದ್ರು.

ಜೊಲ್ಲು ನಿಂತು ಬಾಯಿ ಒಣಗಿತು. ನಾನು ಉಳಿದೆ.

ಡಾಕ್ಟರ್ ಆಮೇಲೆ ಅಪ್ಪನಿಗೆ ಬಿಡಿಸಿ ಹೇಳಿದ್ರು. ನರ ಕೊಟ್ಟ ಆರ್ಡರನ್ನ ಕೆಲಸ ಮುಗಿದ ತಕ್ಷಣ ಅಳಿಸಿಹಾಕೋ ಒಂದು ಕಿಣ್ವ ಇದೆಯಂತೆ. ಉಣ್ಣೆಗೂ, ಕೋಳಿಗೂ, ಹಸುವಿಗೂ, ನನಗೂ! ಈ ಔಷಧಿ ಅದರ ಕೈ ಕಟ್ಟಿಹಾಕುತ್ತೆ, ಆರ್ಡರ್ ನಿಲ್ಲೋದೇ ಇಲ್ಲ.

ಆದ್ರೆ ವಿಷ ಮುರಿಯೋ ಶಕ್ತಿ ಒಂದೊಂದು ಜೀವಿಗೆ ಒಂದೊಂದು ಥರ. ಕೋಳಿಗೆ ತೀರಾ ಕಮ್ಮಿ. ಹಸುವಿಗೆ ದೊಡ್ಡ ಮೈ, ಮೇಲಾಗಿ ನೀರು ಬೆರೆಸಿದ ಔಷಧಿ, ಹಾಗಾಗಿ ಬಚಾವ್. ನನ್ನ ತಲೆಗೆ ಬಿದ್ದದ್ದು ನೀರು ಬೆರೆಸದ್ದು.

ಆ ಕಾಳಿನಷ್ಟು ಉಣ್ಣೆಯ ನರದಲ್ಲಿ ನಡೆಯೋದೇ ನನ್ನೊಳಗೂ ನಡೀತಿದೆ... ಈಗಲೂ ನೆನೆದ್ರೆ ಮೈ ಜುಮ್ ಅನ್ನುತ್ತೆ.

ಊರಿಗೆ ಬಂದ ಅಜ್ಜಿ ಸೀದಾ ಹಿತ್ತಲಿಗೆ ಹೋಗಿ, ಅಲ್ಲಿ ಎಸೆದಿದ್ದ ಆ ಕೋಳಿಗಳನ್ನ ತಾವೇ ಗುಂಡಿ ತೋಡಿ ಹೂತರು. ಆಮೇಲೆ ಸಾಯೋವರೆಗೂ ಕೋಳಿ ಸಾರು ಮುಟ್ಟಲಿಲ್ಲ.

ನನ್ನ ಕಾಯಿಲೆ ಏನು ಅಂತ ಡಾಕ್ಟರಿಗೆ ಹೇಳಿದ್ದು ಆ ಎರಡು ಕೋಳಿ... ನೀವು ಯಾವ ಜೀವದ ಋಣದಲ್ಲಿದ್ದೀರಿ?