ತಂಗಿಯ ಹೊಟ್ಟೆ ಜಾರಿರಲಿಲ್ಲ

ನನ್ನ ಹೊಟ್ಟೆಯ ಎಕ್ಸ್‌ರೇ ನೋಡಿ ತಂಗಿ ಈರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಹೋದ ವರ್ಷದ ಮಾತು.

ನನಗೆ ಹುಳಿ ತೇಗು, ಅವಳಿಗೆ ಉಂಡರೆ ನೋವು. ಇಬ್ಬರೂ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಸುಣ್ಣದ ನೀರಿನಂಥ ಬೇರಿಯಂ ಕುಡಿದು ಮಷಿನ್ ಮುಂದೆ ನಿಂತಿದ್ದೆವು. ಡಾಕ್ಟರು ಎರಡೂ ಫಿಲ್ಮ್ ಲೈಟಿಗೆ ಹಚ್ಚಿದರು. ನನ್ನ ಹೊಟ್ಟೆ (ನನ್ನನ್ನು ಕಂಡವರಿಗೆ ಆಶ್ಚರ್ಯವಾಗಲಿಕ್ಕಿಲ್ಲ) ಪಕ್ಕೆಲುಬಿನ ಕೆಳಗೆ ಅಡ್ಡಡ್ಡ ಮಲಗಿತ್ತು. ಅವಳದು ಉದ್ದಕ್ಕೆ ಇಳಿದು ಸೊಂಟದ ಎಲುಬಿನ ತನಕ ಜೋತಾಡುತ್ತಿತ್ತು.

"ಗಾಬರಿ ಆಗಬ್ಯಾಡ್ರಿ. ದಪ್ಪ ಮಂದೀದು ಹಿಂಗ ಅಡ್ಡ ಇರ್ತದ, ಸಣಕಲು ಮಂದೀದು ಉದ್ದ ಇಳೀತದ. ಮೈಕಟ್ಟು ಹ್ಯಾಂಗೋ ಹೊಟ್ಟಿ ಹಂಗ, ಅದು ರೋಗ ಅಲ್ಲ," ಎಂದರು ಡಾಕ್ಟರು. "ಆದ್ರ ನಿಮ್ಮ ತಂಗಿ ಫಿಲ್ಮಿನಾಗ ಇಲ್ಲಿ ಅಂಚು ಕಚ್ಚಿದಂಗ ಅದ ನೋಡ್ರಿ. ಇದಕ್ಕ ಲಗೂನ ಎಂಡೋಸ್ಕೋಪಿ ಮಾಡಸ್ರಿ."

ದೇವದುರ್ಗದ ಗಂಡನ ಮನೆಗೆ ಫಿಲ್ಮ್ ಹೋಯಿತು. ಡಾಕ್ಟರ ಮಾತು ಹೋಗಲಿಲ್ಲ. ಅವಳ ಅತ್ತೆ ಅದನ್ನು ಅಂಗಳದ ಬಿಸಿಲಿಗೆ ಹಿಡಿದು ಚೀರಿದಳು: "ಯವ್ವಾ! ಬಟ್ಟಿ ಜಾರ್ಯಾದಲ್ಲಬೇ!"

(ಹೊಟ್ಟೆಯೊಳಗಿನದು ಜಾಗ ಬಿಟ್ಟು ಸರಿಯುವುದಕ್ಕೆ ನಮ್ಮ ಕಡೆ ಬಟ್ಟಿ ಜಾರುವುದು ಅಂತಾರೆ. ಕೊಡ ಎತ್ತಿದರೂ ಜಾರುತ್ತದಂತೆ, ಕಾಲು ಎಡವಿದರೂ ಜಾರುತ್ತದಂತೆ.)

ಸುದ್ದಿ ಕೇಳಿ ದೇವದುರ್ಗದ ಬಸ್ ಹತ್ತಿ ಓಡಿದೆ. "ಯವ್ವಾ, ಅಕಿ ಸಣ್ಣ ಅದಾಳ, ಅದಕ್ಕ ಹಂಗ ಕಾಣ್ತದ," ಅಂದೆ.

"ಸುಳ್ಳಾಗಿದ್ರ ಫೋಟೋದಾಗ ಯಾಕ ಬರ್ತಿತ್ತಪ್ಪ? ನೀ ಸಾಲಿ ಕಲ್ತಾಂವ. ಕಣ್ಣಿಗಿ ಕಾಣಾದು ಸುಳ್ಳೇನು?"

ಕೇಳಿದ್ದನ್ನು ನಂಬಬೇಡಿ, ಕಂಡದ್ದನ್ನು ನಂಬಿ ಅಂತ ಊರೂರಲ್ಲಿ ಭಾಷಣ ಬಿಗಿದವರು ಸಾಲಿ ಕಲಿತ ನಾವೇ ಅಲ್ಲವೇ? ಅವರು ಕಂಡದ್ದನ್ನೇ ನಂಬಿದರು! ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಬೇರೆ. ಅಣ್ಣನ ಮಾತು ಅಂಗಳ ದಾಟಲಿಲ್ಲ.

ಪ್ರತಿ ಮಂಗಳವಾರ ಬಟ್ಟಿ ಕೂರಿಸುವವರ ಹತ್ತಿರ, ಮಾನ್ವಿ ಕಡೆಯ ಹಳ್ಳಿಯೊಂದಕ್ಕೆ ಅತ್ತೆ-ಸೊಸೆಯ ಪಯಣ. ಖಾಲಿ ಹೊಟ್ಟೆಗೆ ಎಣ್ಣೆ ತಿಕ್ಕಿ, ಹೊಕ್ಕುಳ ಮೇಲೆ ದೀಪ ಇಟ್ಟು, ತಂಬಿಗೆ ಬೋರಲು ಹಾಕುವುದು. ದೀಪ ಆರಿ ತಂಬಿಗೆ ಚರ್ಮ ಕಚ್ಚಿಕೊಂಡರೆ ಬಟ್ಟಿ ಮೇಲೆ ಬಂತು ಅಂತ. ಮತ್ತೆ ಜಾರದಂತೆ ಕಾಲಿನ ಎರಡೂ ಹೆಬ್ಬೆರಳಿಗೆ ಕರಿ ದಾರ.

"ಹಗೂರ ಆಗ್ಯಾದಣ್ಣ," ಅನ್ನುತ್ತಿದ್ದಳು ಫೋನಿನಲ್ಲಿ. ಎಂಡೋಸ್ಕೋಪಿ? "ನಳಿಗಿ ಒಳಗ ಬಿಟ್ರ ಮತ್ತ ಕೆಳಗ ಜಾರ್ತದಂತ. ಬಟ್ಟಿ ಕುಂದರ್ಲಿ, ಆಮ್ಯಾಲ ನೋಡೂಣು."

ಹೋದ ವಾರ ರಕ್ತ ಕಾರಿದಳು. ರಾಯಚೂರಿಗೆ ತಂದೆವು. ಸ್ಕ್ಯಾನಿಗೆ ಒಯ್ಯುವ ಮೊದಲು ನರ್ಸ್ ಹೆಬ್ಬೆರಳಿನ ದಾರ ಕತ್ತರಿಸಿದಳು. ಅದಕ್ಕೇ ಎಷ್ಟು ಅತ್ತಳು ಹುಚ್ಚಿ! ಅದೇ ಡಾಕ್ಟರು ನನ್ನನ್ನು ಹೊರಗೆ ಕರೆದರು. ಕ್ಯಾನ್ಸರ್, ಲಿವರಿಗೂ ಹಬ್ಬಿದೆ. "ಈಗ ಆಪರೇಶನ್ ಆಗಂಗಿಲ್ರಿ. ಆವಾಗ ಬಂದಿದ್ರ..." ಅಂದರು.

ಯಾರನ್ನು ಬೈಯಲಿ? ಪ್ರತಿ ಮಂಗಳವಾರ ಕೈಹಿಡಿದು ಕರೆದೊಯ್ದ ಆ ಅತ್ತೆಯೇ ಈಗ ಮಂಚದ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಳೆ. ನನಗೂ ಊಟ ಸೇರುತ್ತಿಲ್ಲ.

ನಿನ್ನೆ ಈರಮ್ಮ ನನ್ನ ಕೈ ಹಿಡಿದಳು. ಆ ಕೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿಲ್ಲ.

"ಅಣ್ಣಾ, ಹೊಸ ಫೋಟೋ ನೋಡ್ದೇನು? ಹೊಟ್ಟಿ ಮ್ಯಾಲ ಬಂದದೇನು?"

"ಬಂದದವ್ವ," ಎಂದೆ. ಇನ್ನೇನು ಹೇಳಬೇಕಿತ್ತು, ನೀವೇ ಹೇಳಿ?