ಮೈಕ್ ಮೇಷ್ಟ್ರ ಮಗನ ಸುದ್ದಿ

ನಮ್ಮ ಗಂಡುಮಕ್ಕಳ ವಸತಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಸೀಮಿತವಾಗಿತ್ತು. ಹುಡುಗರಿಗೆ, ಅಡುಗೆಯವರಿಗೆ, ಕೊನೆಗೆ ಅಂಚೆಯವನಿಗೂ ಅವರು ಮೈಕ್ ಮೇಷ್ಟ್ರು. ಅವರ ಪಾಠದಲ್ಲಿ ನಿದ್ದೆ ಹೋಗದ ಹುಡುಗನನ್ನು ನಾನು ಕಂಡಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಬಾಯಿಂದ ಎರಡು ಮಾತು ಹೊರಡಿಸಬೇಕಾದರೆ ನಮಗೆ ಸಾಕುಸಾಕಾಗುತ್ತಿತ್ತು. ಆದರೆ ಕ್ರೀಡಾದಿನ ಕೈಗೆ ಮೈಕ್ ಬಂತೆಂದರೆ ಆ ಮನುಷ್ಯನೇ ಬೇರೆ. ನಿಂಬೆಹಣ್ಣು ಚಮಚದ ಓಟವನ್ನು ಕೂಡ ಯುದ್ಧದ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ಲೆಕ್ಕದ ಮೇಷ್ಟ್ರಾದ ನನಗೆ ಆ ದಿನ ಗಡಿಯಾರ ಹಿಡಿಯುವ ಕೆಲಸ, ಹಾಗಾಗಿ ಅವರ ಪಕ್ಕದ ಕುರ್ಚಿ ಪ್ರತಿ ವರ್ಷವೂ ನನ್ನದೇ.

ನಮ್ಮ ಶಾಲೆಯದೊಂದು ಪದ್ಧತಿ ಇದೆ. ಹುಡುಗರ ಓಟಗಳೆಲ್ಲ ಮುಗಿದು ಹಳೆ ವಿದ್ಯಾರ್ಥಿಗಳ ಓಟ ಶುರುವಾಗುವ ಮೊದಲು, ಆ ಹಳಬರ ಸುದ್ದಿಯನ್ನು ಮೈಕಿನಲ್ಲಿ ಹೇಳಬೇಕು. ಯಾರಿಗೆ ಕೆಲಸ ಸಿಕ್ಕಿತು, ಯಾರಿಗೆ ಬಡ್ತಿ ಬಂತು, ಯಾರ ಮದುವೆ ಆಯಿತು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಒಂದೊಂದು ಹೆಸರಿಗೂ ಚಪ್ಪಾಳೆ. ಕೊನೆಗೆ ತೀರಿಕೊಂಡವರ ಹೆಸರುಗಳು. ಅವಕ್ಕೆ ಚಪ್ಪಾಳೆ ಇಲ್ಲ, ಎಲ್ಲರೂ ಎದ್ದು ನಿಲ್ಲಬೇಕು. ಆಮೇಲಿನ ಓಟದಲ್ಲಿ ಒಂದನೇ ಲೇನು ಅವರದು. ಹೊಸದಾಗಿ ಸುಣ್ಣದ ಗೆರೆ ಎಳೆದು ಅದನ್ನು ಖಾಲಿ ಬಿಡುತ್ತಾರೆ, ಯಾರೂ ಅದರೊಳಗೆ ಕಾಲಿಡುವಂತಿಲ್ಲ.

ಇದರ ಜೊತೆ ಇನ್ನೊಂದು ಕಟ್ಟಳೆ. ಒಬ್ಬನ ಹಳೇ ಸುದ್ದಿಯನ್ನು ಮತ್ತೆ ಹೇಳುವಂತಿಲ್ಲ. ಹೋದ ವರ್ಷ ಗುಮಾಸ್ತನಾಗಿದ್ದವನು ಈ ವರ್ಷವೂ ಗುಮಾಸ್ತನೇ ಆಗಿದ್ದರೆ ಅವನಿಗೆ ಮೈಕಿನಲ್ಲಿ ಜಾಗವಿಲ್ಲ. ಮೇಲೇರಬೇಕು, ಇಲ್ಲವೇ ಸಾಯಬೇಕು. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಚೆನ್ನಾಗಿ ನಾಲ್ಕು ಮಾತು ಕೇಳುತ್ತಿದ್ದೆ.

ಮೇಷ್ಟ್ರಿಗೆ ಒಬ್ಬನೇ ಮಗ, ನಮ್ಮ ಶಾಲೆಯಲ್ಲೇ ಓದಿದವನು. ಪಾಠ ಅಷ್ಟಕ್ಕಷ್ಟೇ, ಆದರೆ ಮೈದಾನಕ್ಕೆ ಇಳಿದರೆ ಹಿಡಿಯುವವರಿಲ್ಲ. ಕೊನೆಯ ವರ್ಷದ ನೂರು ಮೀಟರ್ ಓಟದಲ್ಲಿ ಅವನೇ ಮೊದಲು ಬಂದ. ಇನ್ನೂ ಏದುಸಿರು ಬಿಡುತ್ತಾ ನಿಂತಿದ್ದ, ಅಷ್ಟರಲ್ಲಿ ಅಪ್ಪ ಮೈಕಿನಲ್ಲಿ, ಪಿಸ್ತೂಲು ಹಾರಿಸುವ ಮೊದಲೇ ಇವನ ಕಾಲು ಗೆರೆ ದಾಟಿತ್ತು, ಇವನ ಓಟ ಲೆಕ್ಕಕ್ಕಿಲ್ಲ ಎಂದು ಹೇಳಿಬಿಟ್ಟರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ತನ್ನ ಮಗನನ್ನೇ ಗೆಲ್ಲಿಸಿದ ಎಂದು ಜನ ಆಡಿಕೊಂಡಾರು ಎನ್ನುವ ಹೆದರಿಕೆ ಅವರಿಗಿತ್ತೆಂದು ನನ್ನ ಅನುಮಾನ. ಕೇಳಿದರೆ ಬಾಯಿ ಬಿಡುವ ಆಸಾಮಿಯಲ್ಲ. ಪರೀಕ್ಷೆ ಮುಗಿದದ್ದೇ ತಡ, ಹುಡುಗ ಅಪ್ಪನಿಗೆ ಒಂದು ಮಾತೂ ಹೇಳದೆ ಮನೆ ಬಿಟ್ಟ. ಬಂದರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಯಾರೋ ಬಂದು ಹೇಳಿದರು.

ಮರುವರ್ಷ ಅವನು ಸತ್ತ. ಹಡಗಿನಿಂದ ಸರಕು ಇಳಿಸುವಾಗ ಹಗ್ಗ ಹರಿದು, ಮರದ ಪೆಟ್ಟಿಗೆ ಮೈಮೇಲೆ ಬಿತ್ತು. ಅವನ ಜೊತೆ ಓದಿ ಅದೇ ಬಂದರಿಗೆ ಸೇರಿದ್ದ ಹುಡುಗನೊಬ್ಬ, ಬೇರೆ ದೇಶಕ್ಕೆ ಹೊರಟವನು, ದಾರಿಯಲ್ಲಿ ಇಳಿದು ಮೇಷ್ಟ್ರಿಗೆ ಶಾಲೆಯ ಜಗಲಿಯಲ್ಲೇ ಸುದ್ದಿ ಹೇಳಿದ. ಅಲ್ಲೇ ಮಣ್ಣು ಮಾಡಿದೆವು ಎಂದೂ ಹೇಳಿ ರೈಲಿಗೆ ಹೊತ್ತಾಯಿತೆಂದು ಹೊರಟುಹೋದ. ಆಗ ಮೇಷ್ಟ್ರ ಹೆಂಡತಿ ಹೊಟ್ಟೆಯ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದರು. ಮನಸ್ಸಿಗೆ ಆಘಾತವಾಗುವಂಥದ್ದೇನೂ ಆಗಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಎಂದುಕೊಂಡು ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು. ನನಗೂ ಹೇಳಲಿಲ್ಲ, ಹೆಡ್‌ಮಾಸ್ಟರಿಗೂ ಹೇಳಲಿಲ್ಲ. ಮರುದಿನ ಏಳನೇ ತರಗತಿಗೆ ನದಿಗಳ ಪಾಠ ಮಾಡಿದರು.

ಆಕೆ ಚೇತರಿಸಿಕೊಂಡು ಮೊದಲ ಸಲ ಮನೆಯಿಂದ ಹೊರಗೆ ಬಂದದ್ದೇ ಕ್ರೀಡಾದಿನ. ಶಾಲು ಹೊದ್ದು ಮೂರನೇ ಸಾಲಿನಲ್ಲಿ ಕೂತಿದ್ದರು. ಹಳಬರ ಸುದ್ದಿ ಶುರುವಾದಾಗ, ಎಲ್ಲರ ಮಕ್ಕಳ ಹೆಸರೂ ಬರುತ್ತಿರುವಾಗ, ಆಕೆ ಕುತ್ತಿಗೆ ಮುಂದೆ ಚಾಚಿ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಮೇಷ್ಟ್ರು ಅದನ್ನು ನೋಡಿದರು. ಕೈಯಲ್ಲಿದ್ದ ಸುದ್ದಿ ಮುಗಿದಿತ್ತು. ಆದರೂ ಮಗನ ಹೆಸರು ಹೇಳಿದರು. ಹಡಗಿನ ಎಂಜಿನ್ ಕೋಣೆಯಲ್ಲಿ ಸಹಾಯಕನಾಗಿ ಸೇರಿದ್ದಾನೆ ಎಂದರು. ಮೇಷ್ಟ್ರ ಮಗನಲ್ಲವೇ, ಇಡೀ ಮೈದಾನ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವರು ಆಕೆ.

ಮಗ ಮನೆಗೆ ಯಾಕೆ ಬರೆಯುವುದಿಲ್ಲ ಎಂದು ಆಕೆ ಕೇಳಿದ್ದಕ್ಕೆ ಮೇಷ್ಟ್ರು, ಅವನಿಗೆ ನನ್ನ ಮೇಲೆ ಕೋಪ, ಅದಕ್ಕೇ ಶಾಲೆಗೆ ಬರೆಯುತ್ತಾನೆ ಎಂದರಂತೆ. ಆಕೆ ಅದನ್ನು ನಂಬಿದರು. ಕೋಪ ಬರುವುದು ನ್ಯಾಯವೇ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡೂ ಇದ್ದರು. ಅಲ್ಲಿಂದ ಮುಂದೆ ಆಕೆಗೆ ವರ್ಷ ಎಂದರೆ ಆ ಒಂದು ದಿನ. ಒಂದು ಸಲ ಮೇಷ್ಟ್ರು ಧೈರ್ಯ ಮಾಡಿ ಮಗನ ಸುದ್ದಿ ಬಿಟ್ಟುಬಿಟ್ಟರು. ಆಕೆ ಅನ್ನ ನೀರು ಬಿಟ್ಟು ಮಲಗಿದರು. ಸುದ್ದಿ ತಡವಾಗಿ ಬಂತು ಎಂದು ಹೇಳಿ, ಮೇಷ್ಟ್ರು ಮಗನನ್ನು ಇನ್ನೊಂದು ಮೆಟ್ಟಿಲು ಹತ್ತಿಸಿದ ಮೇಲೆಯೇ ಆಕೆ ಎದ್ದು ಕೂತದ್ದು. ಹಳೇ ಸುದ್ದಿ ಮತ್ತೆ ಹೇಳುವಂತಿಲ್ಲವಲ್ಲ, ಸತ್ತ ಹುಡುಗ ಮೇಲೇರುತ್ತಲೇ ಹೋದ. ನಾಲ್ಕನೇ ಎಂಜಿನಿಯರ್ ಆದ, ಮೂರನೆಯವನಾದ, ಎರಡನೆಯವನಾದ; ಹಡಗಿನಲ್ಲಿ ಅಂಕಿ ಇಳಿದಷ್ಟೂ ಹುದ್ದೆ ದೊಡ್ಡದಂತೆ. ಬದುಕಿದ್ದ ಯಾವ ಹುಡುಗನೂ ನಮ್ಮ ಶಾಲೆಯಿಂದ ಹೋಗಿ ಇಷ್ಟು ಬೇಗ ಮೇಲೆ ಬಂದದ್ದಿಲ್ಲ. ಅವನನ್ನು ನೋಡಿ ಕಲಿಯಿರೋ ಎಂದು ನಾನೇ ತರಗತಿಯಲ್ಲಿ ಎಷ್ಟು ದಡ್ಡರ ಕಿವಿ ಹಿಂಡಿದ್ದೇನೋ.

ಅವನು ಹಡಗಿನ ಚೀಫ್ ಎಂಜಿನಿಯರ್ ಆದ ಮರುವರ್ಷವೇ ಶಾಲೆಯ ಸುವರ್ಣ ಮಹೋತ್ಸವ. ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಗೆ ಟೈರು ಅಂಗಡಿ. ಆತ ಬಾಯಿ ತೆರೆದರೆ ಗಾಳಿ ತುಂಬುವುದೇ ಕೆಲಸ. ಈ ಸಲ ಕ್ರೀಡಾದಿನಕ್ಕೆ ರಾಜಕಾರಣಿಗಳು ಬೇಡ, ನಮ್ಮವನೇ ಮುಖ್ಯ ಅತಿಥಿಯಾಗಲಿ, ಮೇಷ್ಟ್ರ ಮಗನೇ ಬರಲಿ ಎಂದು ಸಭೆಯಲ್ಲಿ ಎದ್ದು ಹೇಳಿದ. ಎಲ್ಲರೂ ಮೇಜು ಕುಟ್ಟಿದರು. ಮೇಷ್ಟ್ರು ರಜೆ ಸಿಗುವುದು ಕಷ್ಟ ಎಂದು ತೊದಲಿದರೆ, ಅದೆಲ್ಲ ನಾವು ನೋಡಿಕೊಳ್ಳುತ್ತೇವೆ, ನೀವು ಅವನಿಗೆ ಒಂದು ಮಾತು ತಿಳಿಸಿ ಸಾಕು ಎಂದ. ಅಷ್ಟಕ್ಕೇ ಬಿಡದೆ ಅವತ್ತೇ ಅವರ ಮನೆಗೆ ಹೋಗಿ, ನಿಮ್ಮ ಮಗ ವೇದಿಕೆ ಮೇಲೆ ಕೂರ್ತಾನೆ ಎಂದು ಆ ತಾಯಿಗೂ ಹೇಳಿ ಬಂದ.

ಆಮೇಲೆ ಆ ಮನೆಯನ್ನು ನೋಡಲಾಗುತ್ತಿರಲಿಲ್ಲ. ಶಾಲೆಯ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ ಅದು. ಹಿಂದಿನ ಕೋಣೆಯಲ್ಲಿ ತುಂಬಿದ್ದ ಭೂಪಟದ ಸುರುಳಿಗಳನ್ನೆಲ್ಲ ಆಕೆ ಜಗಲಿಗೆ ಸಾಗಿಸಿ, ಗೋಡೆಗೆ ತಾವೇ ಸುಣ್ಣ ಬಳಿದರು. ಮಂಚ ಬಿಸಿಲಿಗೆ ಹಾಕಿದರು. ಹಡಗಿನಲ್ಲಿ ಮೆತ್ತನೆ ಹಾಸಿಗೆ ಅಭ್ಯಾಸವಾಗಿರುತ್ತೆ ಎಂದು ಹತ್ತಿ ಬಿಡಿಸಿ ಹೊಸದಾಗಿ ತುಂಬಿಸಿದರು. ಅವನ ಅಳತೆ ಈಗ ಎಷ್ಟಿರಬಹುದು ಎಂದು ನನ್ನನ್ನು ನಿಲ್ಲಿಸಿ, ನನ್ನ ಭುಜಕ್ಕೆ ದಾರ ಹಿಡಿದು ಅಂದಾಜು ಮಾಡಿ ಒಂದು ಅಂಗಿ ಹೊಲಿದರು.

ಕ್ರೀಡಾದಿನದ ಹಿಂದಿನ ಸಂಜೆ, ಆಟದ ಸಾಮಾನಿನ ಕೋಣೆಯಲ್ಲಿ ಮೈಕಿನ ತಂತಿ ಬಿಡಿಸುತ್ತಾ ಮೇಷ್ಟ್ರು ನನಗೆ ಎಲ್ಲವನ್ನೂ ಹೇಳಿದರು. ಬಂದರು, ಹಗ್ಗ, ಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ನನಗೆ ರೇಗಿತು. ಇಷ್ಟು ವರ್ಷ ಏನು ಮಾಡಿದಿರಿ, ನಾಳೆ ಖಾಲಿ ಕುರ್ಚಿ ನೋಡಿ ಆ ಹೆಂಗಸು ಏನಾಗಬೇಕು ಎಂದು ಬಾಯಿಗೆ ಬಂದಂತೆ ಬೈದೆ. ಅವರು ತಲೆ ಎತ್ತಲಿಲ್ಲ.

"ಈಗಲೇ ಮನೆಗೆ ಹೋಗಿ ಹೇಳಿ ಮೇಷ್ಟ್ರೇ," ಎಂದೆ. "ನಿಮ್ಮ ಬಾಯಿಂದಲೇ ಕೇಳ್ಬೇಕು ಅವರು."

"ಹೇಳ್ತೀನಿ," ಎಂದರು.

ಹೋದರು. ಆಕೆ ಮಂಚದ ಮೇಲೆ ಬಗ್ಗಿ ಹೊಸ ಹೊದಿಕೆಯ ಸುಕ್ಕು ತೆಗೆಯುತ್ತಿದ್ದರಂತೆ. ಇವರನ್ನು ಕಂಡು, ದಿಂಬು ಎತ್ತರ ಆಯ್ತಾ ನೋಡಿ, ಸ್ವಲ್ಪ ಮಲಗಿ ನೋಡಿ ಎಂದರಂತೆ. ಇವರು ಮಲಗಿ ನೋಡಿ, ಸರಿಯಾಗಿದೆ ಎಂದು ಹೇಳಿ ಎದ್ದು ಬಂದರು. ಮನೆಯೊಳಗೆ ನಿಂತು ಆ ಸುದ್ದಿ ಹೇಳಲು ಅವರಿಗೆ ನಾಲಿಗೆ ಹೊರಳಲಿಲ್ಲ. ಸುದ್ದಿಯನ್ನು ಹೇಗೆ ಹೇಳಬೇಕೆಂದು ಆ ಮನುಷ್ಯನಿಗೆ ಗೊತ್ತಿದ್ದದ್ದು ಒಂದೇ ರೀತಿ.

ಮರುದಿನ ವೇದಿಕೆಯ ಮಧ್ಯದ ಕುರ್ಚಿಗೆ ಕೆಂಪು ಬಟ್ಟೆ ಹೊದಿಸಿದ್ದರು. ರೈಲು ತಡವಂತೆ ಎಂದು ಕಾರ್ಯದರ್ಶಿ ತಾನೇ ಊಹಿಸಿ ತಾನೇ ಎಲ್ಲರಿಗೂ ಸಾರಿದ. ಆಕೆಯನ್ನು ಮೊದಲ ಸಾಲಿಗೆ ಕರೆದು ಕೂರಿಸಿದ್ದರು, ತೊಡೆಯ ಮೇಲೆ ಆ ಅಂಗಿಯ ಪೊಟ್ಟಣ. ನಾನು ಮೇಷ್ಟ್ರ ಮುಖ ನೋಡಿದೆ. ಹೇಳಿಲ್ಲ ಎಂದು ಗೊತ್ತಾಯಿತು. ಅವರ ಧ್ವನಿಯಲ್ಲಿ ಮಾತ್ರ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಉದ್ದ ಜಿಗಿತ, ರಿಲೇ, ಚಿಕ್ಕವರ ಗೋಣಿಚೀಲದ ಓಟ, ಎಲ್ಲವನ್ನೂ ಎಂದಿನ ಹುರುಪಿನಲ್ಲೇ ಹೇಳಿದರು.

ಹಳಬರ ಸುದ್ದಿ ಬಂತು. ಕೆಲಸ, ಬಡ್ತಿ, ಮದುವೆ, ತೊಟ್ಟಿಲು. ಆಕೆ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಮಗನ ಹೆಸರು ಬರಲಿಲ್ಲ. ಕೊನೆಗೆ ಮೇಷ್ಟ್ರು ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಂಡರು. ಆ ವರ್ಷ ತೀರಿಕೊಂಡ ಇಬ್ಬರು ಮುದುಕರ ಹೆಸರು ಹೇಳಿದರು. ಆಮೇಲೆ ಅದೇ ಉಸಿರಿನಲ್ಲಿ, ಅದೇ ಧ್ವನಿಯಲ್ಲಿ, ಮಗನ ಹೆಸರು ಹೇಳಿದರು.

ಪ್ರತಿ ವರ್ಷ ಆ ಹೆಸರಿಗೆ ಬೀಳುತ್ತಿದ್ದಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬೀಳುತ್ತಿರಲಿಲ್ಲ. ಜನರ ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಎದ್ದು ನಿಂತಿದ್ದೇವೆ ಎನ್ನುವುದನ್ನೂ ಮರೆತು ಮೈದಾನ ಪೂರ್ತಿ ಚಪ್ಪಾಳೆ ಹೊಡೆಯಿತು. ಮೊದಲ ಸಾಲಿನಲ್ಲಿ ಆ ತಾಯಿಯೂ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು, ನಗುತ್ತಾ, ಎರಡೂ ಕೈಯಿಂದ ಹೊಡೆದರು.

"ಬಂದರಿನಲ್ಲಿ ಸರಕು ಇಳಿಸುವಾಗ ಅಪಘಾತ," ಎಂದರು ಮೇಷ್ಟ್ರು. "ಈ ವರ್ಷ ಅಲ್ಲ. ಶಾಲೆ ಬಿಟ್ಟ ಮರುವರ್ಷವೇ. ಹಡಗಿನ ಸುದ್ದಿ ಎಲ್ಲಾ ನಾನು ಹೇಳಿದ ಸುಳ್ಳು."

ಚಪ್ಪಾಳೆ ಒಂದೇ ಸಲಕ್ಕೆ ನಿಲ್ಲಲಿಲ್ಲ. ಹಿಂದಿನ ಸಾಲುಗಳಿಗೆ ಮಾತು ತಲುಪುವವರೆಗೂ ಅಲ್ಲೊಂದು ಇಲ್ಲೊಂದು ಸದ್ದು ಕೇಳುತ್ತಲೇ ಇತ್ತು. ಆಕೆಯ ಕೈಗಳು ಮುಖದ ಮುಂದೆ ಒಂದಕ್ಕೊಂದು ತಾಗದೆ ಹಾಗೇ ನಿಂತುಬಿಟ್ಟವು. ಪೊಟ್ಟಣ ಜಾರಿ ಕೆಳಗೆ ಬಿತ್ತು.

ಹೆಡ್‌ಮಾಸ್ಟರು ಏನೂ ತೋಚದೆ ಓಟ ಶುರುಮಾಡಿ ಎಂದರು. ಹೊಟ್ಟೆ ಬಂದ ಹಳೆ ವಿದ್ಯಾರ್ಥಿಗಳು ತಲೆ ತಗ್ಗಿಸಿಕೊಂಡು ಓಡಿದರು, ಓಡಿದರು ಎನ್ನುವುದಕ್ಕಿಂತ ನಡೆದರು ಎನ್ನಬೇಕು. ಒಂದನೇ ಲೇನು ಖಾಲಿ ಇತ್ತು. ನಾನು ಗಡಿಯಾರ ಒತ್ತುವುದನ್ನೂ ಮರೆತಿದ್ದೆ. ಮೇಷ್ಟ್ರು ಮೈಕನ್ನು ಮೇಜಿನ ಮೇಲೆ ಇಟ್ಟು, ಇಳಿದು, ಆಕೆಯ ಮುಂದೆ ಹೋಗಿ ನಿಂತರು. ನಾನೂ ಹಿಂದೆಯೇ ಹೋದೆ. ಆಕೆ ಬೀಳುತ್ತಾರೇನೋ ಎಂಬ ಭಯ ನನಗೆ. ಆಕೆ ಬೀಳಲಿಲ್ಲ, ಅಳಲೂ ಇಲ್ಲ. ತಮ್ಮ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ನನ್ನ ಮಗ ಸತ್ತಿದ್ದಕ್ಕೆ," ಎಂದರು, "ವರ್ಷಾ ವರ್ಷಾ ನನ್ನ ಕೈಲೇ ಚಪ್ಪಾಳೆ ಹೊಡೆಸಿದ್ರಲ್ಲ ರೀ."

ಮೇಷ್ಟ್ರು ಬಗ್ಗಿ, ಕೆಳಗೆ ಬಿದ್ದಿದ್ದ ಪೊಟ್ಟಣ ಎತ್ತಿಕೊಂಡರು.

ಅವರ ಕೈಗೆ ಮತ್ತೆ ಯಾರೂ ಮೈಕ್ ಕೊಡಲಿಲ್ಲ, ಅವರೂ ಕೇಳಲಿಲ್ಲ. ಮರುವರ್ಷ ಕ್ರೀಡಾದಿನ ಅವರು ಮನೆಯಲ್ಲೇ ಉಳಿದರು. ಆಕೆ ಮಾತ್ರ ಬಂದು ಅದೇ ಮೂರನೇ ಸಾಲಿನಲ್ಲಿ ಕೂತರು. ಹೊಸ ಮೇಷ್ಟ್ರೊಬ್ಬರು ಹಳಬರ ಸುದ್ದಿ ಹೇಳಿದರು, ಜನ ಒಂದೊಂದು ಹೆಸರಿಗೂ ಚಪ್ಪಾಳೆ ಹೊಡೆದರು. ಆಕೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಸುದ್ದಿ ಮುಗಿಯುವ ತನಕ ಹಾಗೇ ಕೂತಿದ್ದರು.